ಸಂದೇಶ್ ಝಿಂಗನ್ ಮತ್ತು ನಾಲ್ಕು ಫೈನಲ್‌ಗಳು

ಕಾಲೇಜಿನ ದಿನಗಳಲ್ಲಿ ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ನಾನು ಫುಟ್‌ಬಾಲ್ ತಂಡದಲ್ಲಿ ಸ್ಟಾಪರ್, ಅಂದರೆ ಗೋಲಿನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವವನಾಗಿ ಆಡುತ್ತಿದ್ದೆ. ಒಮ್ಮೆ ಕೊನೆಯ ಗಳಿಗೆಯ ಕಾರ್ನರ್‌ನಲ್ಲಿ, ಮೈದಾನದ ಮೂಲೆಯಿಂದ ಚೆಂಡು ಒದೆಯುವಾಗ, ನಾನು ಚೆಂಡನ್ನೇ ನೋಡುತ್ತ ನಿಂತೆ. ನನ್ನ ಬೆನ್ನ ಹಿಂದಿನಿಂದ ಬಂದವನು ತಲೆಯಿಂದ ಗೋಲು ಹೊಡೆದ. ಅಂದು ನಾನು ಯಾರ ಮುಖವನ್ನೂ ನೋಡದೆ ಮನೆಗೆ ನಡೆದಿದ್ದೆ. ಅದೇ ಜಾಗದಲ್ಲಿ ಆಡುವ ಭಾರತದ ಫುಟ್‌ಬಾಲ್ ಆಟಗಾರ ಸಂದೇಶ್ ಝಿಂಗನ್ ಅವರ ಆಟವನ್ನು ಇಷ್ಟು ವರ್ಷ ಬಿಡದೆ ನೋಡಿಕೊಂಡು ಬಂದದ್ದಕ್ಕೆ ಆ ಸಂಜೆಯೇ ಕಾರಣ.

1993ರಲ್ಲಿ ಚಂಡೀಗಢದಲ್ಲಿ ಹುಟ್ಟಿದ ಅವರು ಯುನೈಟೆಡ್ ಸಿಕ್ಕಿಂನಿಂದ ಆರಂಭಿಸಿ, ಮುಂಬೈ ಎಫ್‌ಸಿಗೆ ಆಡಿ, 2014ರಲ್ಲಿ ಕೇರಳ ಬ್ಲಾಸ್ಟರ್ಸ್ ಸೇರಿದರು. ಅಲ್ಲಿದ್ದಾಗಲೇ ಎರವಲಾಗಿ ಬೇರೆ ಕ್ಲಬ್‌ಗಳಿಗೂ ಹೋಗಿಬಂದರು. ಮೊಣಕಾಲಿನ ಗಾಯ 2019-20ರ ಇಡೀ ಋತುವನ್ನು ನುಂಗಿತು. ಬಳಿಕ ಎಟಿಕೆ ಮೋಹನ್ ಬಗಾನ್. 2021ರಲ್ಲಿ ಕ್ರೊಯೇಷಿಯಾದ ಶಿಬೆನಿಕ್ ಕ್ಲಬ್‌ಗೆ ಹೋದವರು ಗಾಯದಿಂದಾಗಿ ಒಂದೂ ಪಂದ್ಯವಾಡದೆ ಮರಳಿದರು. ಆಮೇಲೆ ಬೆಂಗಳೂರು, 2023ರಿಂದ ಗೋವಾ.

ಈ ಅಲೆದಾಟದ ನಡುವೆ ಅವರು ಮೂರು ತಂಡಗಳ ಪರವಾಗಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಟೂರ್ನಿಯ ನಾಲ್ಕು ಫೈನಲ್ ಸೋತರು. 2014ರಲ್ಲಿ, ಅವರ ಇಪ್ಪತ್ತೊಂದರ ಹರೆಯದಲ್ಲಿ, ಪಂದ್ಯದ ಕಟ್ಟಕಡೆಯ ನಿಮಿಷಗಳಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ಎದುರಾಳಿ ತಂಡದ ರಫೀಕ್ ತಲೆಕೊಟ್ಟದ್ದೇ ಕೇರಳವನ್ನು ಮುಳುಗಿಸಿತು. 2016ರದು ಪೆನಾಲ್ಟಿಗಳಲ್ಲಿ ಬಂದ ಸೋಲು, 2021ರದು 90ನೇ ನಿಮಿಷದ ಗೋಲು. ಇಷ್ಟೆಲ್ಲ ಆದ ಮೇಲೂ ಮತ್ತೊಂದು ತಂಡದ ಅಂಗಿ ತೊಟ್ಟು ಅದೇ ಜಾಗದಲ್ಲಿ ಬಂದು ನಿಲ್ಲುವುದಕ್ಕೆ ಎಂಥ ಗಟ್ಟಿ ಮನಸ್ಸು ಬೇಕೆಂಬುದನ್ನು ಒಂದೇ ಗೋಲಿಗೆ ಕುಗ್ಗಿಹೋಗಿದ್ದ ನಾನು ಬಲ್ಲೆ. 2020ರ ಅರ್ಜುನ ಪ್ರಶಸ್ತಿಗಿಂತ ನನಗೆ ಅದು ದೊಡ್ಡದು.

ನಾಲ್ಕನೆಯದಾದ, 2023ರ ಮಾರ್ಚ್ 18ರ ಬೆಂಗಳೂರು ತಂಡದ ಫೈನಲನ್ನು ಅಣ್ಣನ ಮನೆಯಲ್ಲಿ ನೋಡಿದೆವು. ಪಂದ್ಯ 2-2ರಲ್ಲಿ ನಿಂತು, ಪೆನಾಲ್ಟಿಗಳಲ್ಲಿ 4-3ರಿಂದ ಮೋಹನ್ ಬಗಾನ್ ಗೆದ್ದಿತು. ಅಣ್ಣನ ಮಗ ಟಿವಿ ಆರಿಸಿ, “ಖರೇ ಹೇಳ್ರಿ ಕಾಕಾ, ಝಿಂಗನ್ ಏನ್ ತಪ್ಪ ಮಾಡ್ಯಾನ?” ಎಂದ.

ಅವನನ್ನು ಅಂಗಳಕ್ಕೆ ಕರೆದೊಯ್ದೆ. ಕಾರ್ನರ್ ಬರುವಾಗ ಚೆಂಡೂ ಎದುರಾಳಿಯೂ ಒಂದೇ ನೋಟಕ್ಕೆ ಸಿಗುವಂತೆ ಮೈಯನ್ನು ಅರ್ಧ ತಿರುಗಿಸಿ, ಮೊಣಕಾಲು ತುಸು ಬಗ್ಗಿಸಿ, ತೋಳಿನ ಅಂಚು ಅವನಿಗೆ ತಾಗುವಷ್ಟು ಹತ್ತಿರ ನಿಲ್ಲುವುದು ಹೇಗೆಂದು ತೋರಿಸಿದೆ. ಅಣ್ಣ ಬಾಗಿಲಲ್ಲಿ ನಿಂತು ಊಟಕ್ಕೆ ಕರೆಯುವವರೆಗೂ ಅವನು ಹಾಗೆ ನಿಲ್ಲುವುದನ್ನು ಕಲಿಯುತ್ತಲೇ ಇದ್ದ.