ಹುಡುಗಿ ಆಗಿ ಈ ಲೈನಲ್ಲಿ ಹೇಗೆ ಮೇಲೆ ಬಂದ್ರಿ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮದುವೆ ಮನೆಗಳಲ್ಲಿ ಕೇಳುತ್ತಾರೆ. ಕಾಲೇಜು ಹುಡುಗಿಯರು ಮೆಸೇಜ್ ಮಾಡಿ ಕೇಳುತ್ತಾರೆ. ರಾತ್ರಿ ಮನೆಗೆ ಬಿಡುವ ಕ್ಯಾಬ್ ಡ್ರೈವರ್ ಕೂಡ ಕೇಳುತ್ತಾರೆ: "ಹುಡುಗಿ ಆಗಿ ಡಿಜೆ ಲೈನಲ್ಲಿ ಹೇಗೆ ಮೇಲೆ ಬಂದ್ರಿ?" ಎಷ್ಟೋ ಜನ ಉತ್ತರವನ್ನೂ ಮೊದಲೇ ಇಟ್ಟುಕೊಂಡಿರುತ್ತಾರೆ. ಯಾರೋ ಪರಿಚಯದವರು ಕೈ ಹಿಡಿದಿರಬೇಕು. ಇಲ್ಲಾ, ಹುಡುಗಿ ಅಂತ ಬೇಗ ಚಾನ್ಸ್ ಸಿಕ್ಕಿರಬೇಕು.

ಎರಡೂ ಅಲ್ಲ. ನಾನು ಬೆಳೆದದ್ದು ರಾತ್ರಿ ಎಂಟೂವರೆಯ ಖಾಲಿ ಡ್ಯಾನ್ಸ್ ಫ್ಲೋರಿಗೆ ಪ್ಲೇ ಮಾಡಿ.

ಊರ ಕಡೆ ಡಿಜೆ ಅಂದರೆ ಗಣಪತಿ ಮೆರವಣಿಗೆಯ ಸ್ಪೀಕರ್ ಲಾರಿ ಅಂದುಕೊಳ್ಳುತ್ತಾರೆ. ಅದರ ಸಂಭ್ರಮ ನನಗೂ ಇಷ್ಟ, ಆದರೆ ನನ್ನ ಕೆಲಸ ಬೇರೆ. ನಾನು ಹಾಕುವುದು ಹೌಸ್, ಟೆಕ್ನೋ ಅನ್ನುವ ಎಲೆಕ್ಟ್ರಾನಿಕ್ ಕುಣಿತದ ಸಂಗೀತ. ಇಂದಿರಾನಗರ, ಕೋರಮಂಗಲ, ಚರ್ಚ್ ಸ್ಟ್ರೀಟ್ ಕಡೆಯ ಸಣ್ಣ ಜಾಗಗಳಲ್ಲಿ. ಇದಕ್ಕೆ ಅಂಡರ್‌ಗ್ರೌಂಡ್ ಅನ್ನುತ್ತಾರೆ. ಹಾಗೆ ಅಂದ ಮಾತ್ರಕ್ಕೆ ಕದ್ದುಮುಚ್ಚಿ ನಡೆಯುವಂಥದ್ದೇನಲ್ಲ. ಸಿನಿಮಾ ಹಾಡು ಇರುವುದಿಲ್ಲ, ಹಿಂದೆಂದೂ ಕೇಳದ ಟ್ರ್ಯಾಕ್ ಕೇಳೋಕೇ ಜನ ಬರುತ್ತಾರೆ, ಅಷ್ಟೇ. ಯಾರಾದರೂ ಹತ್ತಿರ ಬಂದು "ಒಂದು ಕನ್ನಡ ಸಾಂಗ್ ಹಾಕಿ" ಅಂದರೆ ನನಗೆ ಬೇಜಾರಿಲ್ಲ. ಕೇಳುವುದು ಅವರ ಪ್ರೀತಿ. ಇವತ್ತಿನ ಸೆಟ್ ಅದಲ್ಲ ಅಂತ ಕನ್ನಡದಲ್ಲೇ ಹೇಳುತ್ತೇನೆ. ಎಷ್ಟೋ ಸಲ ಅವರೇ ಕೊನೆವರೆಗೂ ನಿಂತು ಕುಣಿದಿದ್ದಾರೆ.

ಬೆಂಗಳೂರಿನ ರಾತ್ರಿ ಬಹಳ ಚಿಕ್ಕದು. ಇದು ಗೊತ್ತಿಲ್ಲದೆ ಇಲ್ಲಿನ ಡಿಜೆಗಳ ಬದುಕು ಅರ್ಥವಾಗುವುದಿಲ್ಲ. ಬರ್ಲಿನ್‌ನಲ್ಲಿ ಶನಿವಾರ ರಾತ್ರಿ ಶುರುವಾದ ಪಾರ್ಟಿ ಸೋಮವಾರ ಬೆಳಗ್ಗೆವರೆಗೂ ಹೋಗುವ ಕ್ಲಬ್ ಇದೆ. ನಮ್ಮಲ್ಲಿ 2008ರ ಹೊತ್ತಿಗೆ 11:30ಕ್ಕೆಲ್ಲ ಬಾಗಿಲು ಹಾಕಿಸುತ್ತಿದ್ದರು. ಈಗ 1 ಗಂಟೆ. ಜೊತೆಗೆ 2005ರ ಪೊಲೀಸ್ ಆದೇಶವೊಂದಿದೆ. ಲೈವ್ ಬ್ಯಾಂಡ್, ಡಿಸ್ಕೊಥೆಕ್ ನಡೆಸೋಕೆ ಪ್ರತ್ಯೇಕ ಲೈಸೆನ್ಸ್ ಬೇಕು ಅನ್ನುವ ಆದೇಶ ಅದು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದಾದ ಮೇಲೆ ಎಷ್ಟೋ ಕಡೆ ಸಂಗೀತವೇ ನಿಂತಿತು. 2013ರಲ್ಲಿ ಇಂದಿರಾನಗರದಲ್ಲಿ ಶುರುವಾಗಿದ್ದ ದಿ ಹಮ್ಮಿಂಗ್ ಟ್ರೀ ಎಂಬ ಸಂಗೀತದ ಜಾಗ 2019ರಲ್ಲಿ ಮುಚ್ಚಿದಾಗ ನಮ್ಮಲ್ಲಿ ಬಹಳ ಜನಕ್ಕೆ ಮನೆಯವರನ್ನೇ ಕಳೆದುಕೊಂಡಷ್ಟು ದುಃಖವಾಯಿತು.

ಹೀಗೆ ಚಿಕ್ಕ ರಾತ್ರಿಯಲ್ಲಿ ಮೂರ್ನಾಲ್ಕು ಡಿಜೆಗಳು ಸ್ಲಾಟ್ ಹಂಚಿಕೊಳ್ಳಬೇಕು. ಜನ ತುಂಬುವುದೇ ಹತ್ತೂವರೆ ಮೇಲೆ. ಮೊದಲ ಸ್ಲಾಟಿಗೆ ವಾರ್ಮ್-ಅಪ್ ಅನ್ನುತ್ತೇವೆ. ಪೋಸ್ಟರ್‌ನಲ್ಲಿ ಒಂದು ಹೆಣ್ಣಿನ ಹೆಸರು ಇರಲಿ ಅಂತ ಹುಡುಗಿಯರನ್ನು ಕರೆದು, ಕೊಡುವುದು ಮಾತ್ರ ಈ ಸ್ಲಾಟನ್ನೇ. ನನಗೂ ಹಾಗೇ ಆಯಿತು, ವರ್ಷಗಟ್ಟಲೆ. ಎದುರಿಗೆ ಬಾರ್ ಒರೆಸುತ್ತಿರುವ ಹುಡುಗ, ಮೂಲೆ ಟೇಬಲ್ಲಿನಲ್ಲಿ ಊಟ ಮಾಡುತ್ತಿರುವ ಎರಡು ಜೋಡಿ.

ಆದರೆ ಡಿಜೆ ಕೆಲಸದಲ್ಲಿ ಅತಿ ಕಷ್ಟದ್ದು ಅದೇ ಸ್ಲಾಟ್ ಅಂತ ನಾನು ಖಂಡಿತವಾಗಿ ನಂಬುತ್ತೇನೆ. ಹನ್ನೊಂದೂವರೆಗೆ ತುಂಬಿದ ಫ್ಲೋರಿಗೆ ಏನು ಹಾಕಿದರೂ ಕೈ ಮೇಲೇಳುತ್ತದೆ. ಎಂಟೂವರೆಗೆ ಜೋರು ಟ್ರ್ಯಾಕ್ ಹಾಕಿದರೆ ಊಟ ಮಾಡುತ್ತಿದ್ದವರು ಬಿಲ್ ತರಿಸುತ್ತಾರೆ. ತೀರಾ ಮೆತ್ತಗೆ ಹಾಕಿದರೆ ಯಾರೂ ಏಳುವುದಿಲ್ಲ. ನಾನು ನಿಮಿಷಕ್ಕೆ 112 ಬೀಟ್‌ನಿಂದ ಶುರು ಮಾಡುತ್ತೇನೆ. ಕಣ್ಣು ಜನರ ಮೇಲೇ ಇರುತ್ತದೆ. ಕಂಬದ ಹತ್ತಿರ ಗ್ಲಾಸ್ ಹಿಡಿದು ನಿಂತ ಯಾರದೋ ಭುಜ ಮೊದಲು ಅಲುಗುತ್ತದೆ. ಆಗ ಟ್ರ್ಯಾಕ್ ಬದಲಾಯಿಸಬಾರದು! ಅದೇ ಬೇಸ್‌ಲೈನ್, ಅಂದರೆ ಟ್ರ್ಯಾಕಿನ ತಳದ ದಪ್ಪ ಸದ್ದು, ಇನ್ನೆರಡು ನಿಮಿಷ ಓಡಲಿ. ಅವರು ಪಕ್ಕದವರ ಕಡೆ ತಿರುಗುತ್ತಾರೆ. ಇಬ್ಬರು ಆರು ಜನ ಆಗುತ್ತಾರೆ. ಮುಂದಿನವರಿಗೆ ಡೆಕ್ (ಟ್ರ್ಯಾಕ್ ಓಡಿಸುವ ಯಂತ್ರ) ಬಿಟ್ಟುಕೊಡುವ ಹೊತ್ತಿಗೆ 122ಕ್ಕೆ ಬಂದಿರುತ್ತೇನೆ, ಯಾರಿಗೂ ವೇಗ ಏರಿದ್ದೇ ಗೊತ್ತಾಗಿರುವುದಿಲ್ಲ.

"ಬಟನ್ ಒತ್ತಿದರೆ ಆಯ್ತಲ್ವಾ?" ಅನ್ನುವವರಿಗೆ ಒಂದು ಮಿಕ್ಸ್ ಹೇಗೆ ಆಗುತ್ತದೆ ಅಂತ ಹೇಳಬೇಕು. ಎಡಗಡೆ ಡೆಕ್‌ನಲ್ಲಿ ಒಂದು ಟ್ರ್ಯಾಕ್ ಓಡುತ್ತಿದೆ. ಬಲಗಡೆಯದು ಹೆಡ್‌ಫೋನ್‌ನಲ್ಲಿ ನನಗೊಬ್ಬಳಿಗೇ ಕೇಳುತ್ತಿದೆ. ಪಿಚ್ ಫೇಡರ್ ಸರಿಸಿ ಎರಡರ ವೇಗ ಹೊಂದಿಸುತ್ತೇನೆ. ಎರಡರ ಕಿಕ್, ಅಂದರೆ ದಪ್ಪ ಡ್ರಮ್ ಪೆಟ್ಟು, ಒಂದೇ ಕಡೆ ಬೀಳಬೇಕು. ಕೂದಲೆಳೆಯಷ್ಟು ಹಿಂದೆಮುಂದೆ ಆದರೂ ಕಿವಿಗೆ ತಿಳಿಯುತ್ತದೆ. ಈ ಸಂಗೀತ ಹೆಚ್ಚಾಗಿ 32 ಬೀಟ್‌ಗೊಮ್ಮೆ ತಿರುಗುತ್ತದೆ. ಚಿಕ್ಕವಳಿದ್ದಾಗ ಸಂಗೀತ ಪಾಠಕ್ಕೆ ಹೋಗಿದ್ದರಿಂದ ನನಗದು ಎಂಟು ಎಣಿಕೆಯ ಆದಿತಾಳದ ನಾಲ್ಕು ಆವರ್ತನ. ಈಗಲೂ ಬೆರಳು ತೊಡೆಯ ಮೇಲೆ ಎಣಿಸುತ್ತಿರುತ್ತದೆ. ಆವರ್ತನ ಮುಗಿಯುವ ಜಾಗಕ್ಕೆ ಸರಿಯಾಗಿ ಹೊಸ ಟ್ರ್ಯಾಕ್ ಬಿಡುತ್ತೇನೆ, ಅದರ ಬೇಸ್ ಪೂರ್ತಿ ಇಳಿಸಿ. ಮೊದಲು ಹೈ-ಹ್ಯಾಟ್‌ನ ತೆಳು ತಾಳದ ಸದ್ದು ಮಾತ್ರ ಒಳಗೆ ಬರುತ್ತದೆ. ಸ್ವಲ್ಪ ಹೊತ್ತು ಎರಡೂ ಜೊತೆಗೇ ಹೋಗುತ್ತವೆ. ಆಮೇಲೆ ಒಂದು ಕೈಯಲ್ಲಿ ಹಳೇ ಬೇಸ್ ಇಳಿಸಿ ಇನ್ನೊಂದರಲ್ಲಿ ಹೊಸದನ್ನು ಏರಿಸುತ್ತೇನೆ. ಎರಡು ಬೇಸ್ ಒಟ್ಟಿಗೆ ಇದ್ದರೆ ಸದ್ದು ಕೆಸರಾಗುತ್ತದೆ. ಸರಿಯಾಗಿ ಆದಾಗ ಫ್ಲೋರ್ ಪೂರ್ತಿ ಒಂದು ಇಂಚು ಕೆಳಗೆ ಇಳಿದು ಎದ್ದಂತೆ ಕಾಣುತ್ತದೆ.

ಒಂದು ಕಡೆ ನಾನು ಪ್ಲೇ ಮಾಡುತ್ತಿರುವಾಗಲೇ ಸೌಂಡ್ ನೋಡಿಕೊಳ್ಳುವವನು ಕೈ ಹಾಕಿ ನನ್ನ ಮಿಕ್ಸರ್ ನಾಬ್ ತಿರುಗಿಸಿದ. ಒಂದು ಮಾತೂ ಕೇಳಲಿಲ್ಲ. ನನ್ನ ನಂತರ ಬಂದ ಗಂಡು ಡಿಜೆ ಸದ್ದು ಮಿತಿ ಮೀರಿಸಿ ಮಿಕ್ಸರ್‌ನಲ್ಲಿ ಕೆಂಪು ದೀಪ ಉರಿಸುತ್ತಲೇ ಇದ್ದ, ಆ ಮನುಷ್ಯ ಅತ್ತ ಸುಳಿಯಲಿಲ್ಲ. ಆ ಕೋಪ ನನಗಿನ್ನೂ ಇದೆ. ಇರಬೇಕು ಕೂಡ. ಅಂದಿನಿಂದ ಸೌಂಡ್‌ಚೆಕ್‌ಗೆ ಎಲ್ಲರಿಗಿಂತ ಮೊದಲು ಹೋಗುತ್ತೇನೆ, ಲೆವೆಲ್ ನಾನೇ ಇಡುತ್ತೇನೆ.

ಹೆಣ್ಣುಮಕ್ಕಳು ಈ ಸಂಗೀತಕ್ಕೆ ನಿನ್ನೆ ಮೊನ್ನೆ ಬಂದವರೇನಲ್ಲ. ನಮ್ಮ ದೇಶದ ಮೊದಮೊದಲ ಎಲೆಕ್ಟ್ರಾನಿಕ್ ಸಂಗೀತ ಸ್ಟುಡಿಯೋ 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯಲ್ಲಿ ಶುರುವಾಯಿತು, ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಒಂದು ಮೂಗ್ ಸಿಂಥಸೈಜರ್ ಇಟ್ಟುಕೊಂಡು. ಅದರ ಹಿಂದೆ ಇದ್ದವರಲ್ಲಿ ಗೀತಾ ಸಾರಾಭಾಯಿ ಒಬ್ಬರು. ಆ ಕಾಲದಲ್ಲಿ ಹೆಂಗಸರು ಮುಟ್ಟದ ಪಖವಾಜ್ ಎಂಬ ಚರ್ಮವಾದ್ಯ ನುಡಿಸಿದವರು. 1946ರಲ್ಲೇ ನ್ಯೂಯಾರ್ಕ್‌ಗೆ ಹೋಗಿ ಅಮೆರಿಕದ ಸಂಗೀತ ಸಂಯೋಜಕ ಜಾನ್ ಕೇಜ್‌ಗೆ ಭಾರತೀಯ ಸಂಗೀತ ಹೇಳಿಕೊಟ್ಟು, ಅವನಿಂದ ಪಾಶ್ಚಾತ್ಯ ಸಂಗೀತ ಕಲಿತವರು. ಎನ್‌ಐಡಿ ಸ್ಟುಡಿಯೋದಲ್ಲಿ ಅವರೂ ರೆಕಾರ್ಡ್ ಮಾಡಿದ್ದಾರೆ. ಈ ಹೆಸರು ನನಗೆ ಮೊದಲೇ ಗೊತ್ತಿದ್ದರೆ ಎಷ್ಟೋ ರಾತ್ರಿ ಹಗುರಾಗುತ್ತಿತ್ತು. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಕೆಲಿ ಹ್ಯಾಂಡ್ ಎಂಬ ಡಿಜೆ 1990ರಲ್ಲಿ ಸಂಗೀತ ಬಿಡುಗಡೆ ಮಾಡುವ ತಮ್ಮದೇ ಲೇಬಲ್ ಕಟ್ಟಿದರು. 1998ರಲ್ಲಿ ವಿಯೆನ್ನಾದ ಎಲೆಕ್ಟ್ರಿಕ್ ಇಂಡಿಗೊ ಎಂಬ ಡಿಜೆ, ಹೆಣ್ಣು ಕಲಾವಿದರ ಹೆಸರುಗಳನ್ನು ಒಂದೆಡೆ ಸೇರಿಸುವ ಫೀಮೇಲ್ ಪ್ರೆಶರ್ ಶುರು ಮಾಡಿದರು. "ಹುಡುಗಿಯರು ಸಿಗುವುದೇ ಇಲ್ಲ" ಅನ್ನುವ ಆಯೋಜಕರ ನೆಪಕ್ಕೆ ಅದಕ್ಕಿಂತ ಒಳ್ಳೆ ಉತ್ತರ ಇಲ್ಲ.

ನನ್ನ ಏಳಿಗೆಯೂ ಒಬ್ಬಳದೇ ಅಲ್ಲ. ನನ್ನ ವಾರ್ಮ್-ಅಪ್‌ನಲ್ಲಿ ಹತ್ತು ಗಂಟೆಗೇ ಫ್ಲೋರ್ ತುಂಬಿರುವುದನ್ನು ಮೊದಲು ಗಮನಿಸಿ ಮಧ್ಯದ ಸ್ಲಾಟ್ ಕೊಡಿಸಿದ್ದು ಇನ್ನೊಬ್ಬ ಹುಡುಗಿ, ಡಿಜೆಯೇ. ನಾವು ಕೆಲವರು ಟ್ರ್ಯಾಕ್ ತುಂಬಿದ ಪೆನ್‌ಡ್ರೈವ್ ಹಂಚಿಕೊಂಡೆವು, ಸಂಭಾವನೆ ಎಷ್ಟು ಸಿಗುತ್ತದೆ ಅಂತ ಮುಚ್ಚುಮರೆ ಇಲ್ಲದೆ ಹೇಳಿಕೊಂಡೆವು, ಒಂದೇ ಕ್ಯಾಬಲ್ಲಿ ಮನೆಗೆ ಹೋದೆವು. ವಾರದ ಮಧ್ಯೆ ಖಾಲಿ ಬೀಳುವ ದಿನಗಳಲ್ಲಿ ಜಾಗ ಕೇಳಿ ನಮ್ಮದೇ ರಾತ್ರಿ ಮಾಡಿದೆವು. ಕೊನೆಯ ಸ್ಲಾಟ್ ಸಿಕ್ಕಿದ್ದು ಅಲ್ಲಿಂದ.

ಈಗ ಶುರು ಮಾಡುವವರಿಗೆ ಇಷ್ಟು. ಕ್ಲಬ್‌ಗಳಲ್ಲಿ ಇರುವ ದುಬಾರಿ ಸಿಡಿಜೆ ಪ್ಲೇಯರ್ ಬೇಡ, ಲ್ಯಾಪ್‌ಟಾಪ್‌ಗೆ ಜೋಡಿಸುವ ಎರಡು ಚಾನೆಲ್ಲಿನ ಸೆಕೆಂಡ್ ಹ್ಯಾಂಡ್ ಕಂಟ್ರೋಲರ್ ಸಾಕು. ವೇಗವನ್ನು ತಾನೇ ಹೊಂದಿಸುವ ಸಿಂಕ್ ಬಟನ್ ಇರಲಿ, ಆದರೆ ಮೊದಲು ಕಿವಿಯಲ್ಲೇ ಹೊಂದಿಸುವುದನ್ನು ಕಲಿಯಿರಿ. ಮಿಕ್ಸ್ ರೆಕಾರ್ಡ್ ಮಾಡಿ ಮೆಟ್ರೋದಲ್ಲಿ ಕೇಳಿ, ಬೋರಾಗುವ ಜಾಗ ತಾನಾಗೇ ತಿಳಿಯುತ್ತದೆ. ಎಂಟೂವರೆ ಸ್ಲಾಟ್ ಕೊಟ್ಟರೆ ತೆಗೆದುಕೊಳ್ಳಿ. ದುಡ್ಡು ಎಷ್ಟು ಅಂತ ಮೊದಲೇ ಮಾತಾಡಿ, ರಾತ್ರಿ ವಾಪಸ್ ಹೋಗುವ ಕ್ಯಾಬಿನ ಖರ್ಚು ಬೇರೆಯಾಗಿ ಕೇಳಿ.