ನಿಲ್ದಾಣ ಎಲ್ಲಿ ಬರಬೇಕು?
ಇವತ್ತು ಸಿಯಾಟಲ್‌ನ ಚೈನಾಟೌನ್‌ನಲ್ಲಿ ಬಸಳೆ ಸೊಪ್ಪು ಕೊಂಡು ಹೊರಬಂದವಳು ಐದನೇ ಅವೆನ್ಯೂದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಮೆಟ್ರೊದಂಥ ಲೈಟ್ ರೈಲಿನ ಎರಡನೇ ಸುರಂಗದ ನಿಲ್ದಾಣ ಇಲ್ಲೇ ಎಲ್ಲೋ ಬರಬೇಕಿತ್ತು. 2016ರಲ್ಲಿ ಜನರೇ ಮತ ಹಾಕಿ ಒಪ್ಪಿದ ಯೋಜನೆ. ಜಾಗದ ಮಾತು ಬಂದಾಗ ಮಾತ್ರ ಕೇರಿಯೇ ಎರಡಾಯಿತು.

ನಾಲ್ಕನೇ ಅವೆನ್ಯೂದಲ್ಲಾದರೆ ದೂರದೂರಿನ ರೈಲುಗಳು ಬರುವ ಕಿಂಗ್ ಸ್ಟ್ರೀಟ್ ನಿಲ್ದಾಣ ಪಕ್ಕದಲ್ಲೇ, ರೈಲು ಬದಲಿಸುವುದು ಸುಲಭ ಎಂದರು ಕೆಲವರು. ವರ್ಷಗಟ್ಟಲೆ ರಸ್ತೆ ಅಗೆದರೆ ನಮ್ಮ ಅಂಗಡಿಗಳು ಉಳಿಯುತ್ತವೆಯೇ ಎಂದರು ಇನ್ನು ಕೆಲವರು. ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. 1960ರ ದಶಕದಲ್ಲಿ ಹೆದ್ದಾರಿ ಇದೇ ಕೇರಿಯನ್ನು ಸೀಳಿಕೊಂಡು ಹೋಗಿದೆ. ಮುಂದಿನ ದಶಕದಲ್ಲಿ ಕಿಂಗ್‌ಡೋಮ್ ಕ್ರೀಡಾಂಗಣ ಪಕ್ಕದಲ್ಲೇ ಎದ್ದಿತು. ಎರಡೂ ಸಲ ನೋವುಂಡವರು ಇಲ್ಲಿನವರೇ.

2023ರ ಮಾರ್ಚ್‌ನಲ್ಲಿ ಲೈಟ್ ರೈಲು ನಡೆಸುವ ಸೌಂಡ್ ಟ್ರಾನ್ಸಿಟ್ ಸಂಸ್ಥೆಯ ಮಂಡಳಿ, ನಾಲ್ಕನೇ ಅವೆನ್ಯೂದ ಬದಲು, ಕೇರಿಯ ಉತ್ತರಕ್ಕೊಂದು, ದಕ್ಷಿಣಕ್ಕೊಂದು ನಿಲ್ದಾಣದ ಕಡೆ ವಾಲಿತು.

ನನ್ನ ಮನಸ್ಸು ಈಗಲೂ ನಾಲ್ಕನೇ ಅವೆನ್ಯೂ ಕಡೆಗೇ. ಇವತ್ತು ನನ್ನ ಮುಂದೆ ಕೋಲೂರಿಕೊಂಡು ಮೆಟ್ಟಿಲಿಳಿದ ಅಜ್ಜಿಗೆ ಹತ್ತು ಹೆಜ್ಜೆ ಹೆಚ್ಚಾದರೂ ಕಷ್ಟವೇ. ಆದರೆ ಅಗೆತದ ಧೂಳಿನಲ್ಲಿ ಆಕೆ ಸೊಪ್ಪು ಕೊಳ್ಳುವ ಅಂಗಡಿಯೇ ಮುಚ್ಚಿಹೋದರೆ? ದಾರಿಯುದ್ದಕ್ಕೂ ಇದನ್ನೇ ಯೋಚಿಸುತ್ತಾ ಮನೆಗೆ ಬಂದೆ.