ಐರ್ಲೆಂಡ್ ಪ್ಲಾನ್‌ಗೆ ಮೊದಲು ಕೇಳುವ ಪ್ರಶ್ನೆ: ನಿಮ್ಮನೇಲಿ ರಾತ್ರಿ ಊಟ ಎಷ್ಟೊತ್ತಿಗೆ?

ಬೆಂಗಳೂರಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಯುರೋಪ್ ಪ್ರವಾಸಗಳ ಪ್ಲಾನ್ ಹಾಕುವುದು ನನ್ನ ಕೆಲಸ. ಐರ್ಲೆಂಡ್ ಕೇಳಿಕೊಂಡು ಬರುವವರಲ್ಲಿ ಬಹುಪಾಲು ಮಗನೋ ಮಗಳೋ ಡಬ್ಲಿನ್‌ನಲ್ಲಿ ಕೆಲಸಕ್ಕಿರುವವರು. "ಬರೀ ಜಾಗ ನೋಡೋದಲ್ಲ ಮೇಡಂ, ಅಲ್ಲಿಯ ಸಂಸ್ಕೃತಿ ನೋಡ್ಬೇಕು" ಅನ್ನುತ್ತಾರೆ. ಕೈಯಲ್ಲಿರುವ ಪಟ್ಟಿಯಲ್ಲಿ ಮಾತ್ರ ಬರೀ ಜಾಗಗಳೇ ಇರುತ್ತವೆ: ಬುಕ್ ಆಫ್ ಕೆಲ್ಸ್ ಎಂಬ ಹಳೆಯ ಹಸ್ತಪ್ರತಿ ಇರುವ ಡಬ್ಲಿನ್‌ನ ಟ್ರಿನಿಟಿ ಕಾಲೇಜು, ಪಶ್ಚಿಮ ಕರಾವಳಿಯ ಕಡಿದಾದ ಬಂಡೆಗಳಾದ ಕ್ಲಿಫ್ಸ್ ಆಫ್ ಮೊಹರ್, ಕಲ್ಲುಕಂಬಗಳ ಕಡಲತೀರ ಜೈಂಟ್ಸ್ ಕಾಸ್‌ವೇ.

ನಾನು ಪಟ್ಟಿ ಪಕ್ಕಕ್ಕಿಟ್ಟು ಊಟ-ನಿದ್ದೆಯ ಹೊತ್ತು ಕೇಳುತ್ತೇನೆ. ಕಾರಣ ಇದೆ. ಐರಿಷ್ ಸಂಗೀತದ ಜೀವ ಇರುವುದು ಪಬ್‌ಗಳ 'ಸೆಷನ್'ನಲ್ಲಿ, ಅಂದರೆ ವಾದಕರು ಒಟ್ಟಿಗೆ ಕೂತು ನುಡಿಸುವ ಕೂಟದಲ್ಲಿ. ಅದು ಶುರುವಾಗುವುದೇ ಸಾಮಾನ್ಯವಾಗಿ ರಾತ್ರಿ ಒಂಬತ್ತೂವರೆ ಸುಮಾರಿಗೆ. ಆದರೆ ಅಲ್ಲಿಯ ಕಾನೂನಿನ ಪ್ರಕಾರ 18 ದಾಟದವರು ರಾತ್ರಿ 9ರ ಮೇಲೆ ಬಾರ್‌ನಲ್ಲಿ ಇರುವಂತಿಲ್ಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ 10 ಗಂಟೆ. ಆ ತಿಂಗಳುಗಳಲ್ಲೂ ಮಕ್ಕಳಿರುವ ಸಂಸಾರಕ್ಕೆ ಸಿಗುವುದು ಅರ್ಧ ಗಂಟೆ! ಅಂಥವರಿಗೆ ಭಾನುವಾರ ಮಧ್ಯಾಹ್ನದ ಸೆಷನ್ ಹುಡುಕಿಕೊಡುತ್ತೇನೆ. ಇಲ್ಲವಾದರೆ ಆಗಸ್ಟ್‌ನ 'ಫ್ಲಾ ಕ್ಯೋಲ್' ಸಂಗೀತ ಉತ್ಸವಕ್ಕೆ ತಾರೀಕು ಹೊಂದಿಸುತ್ತೇನೆ. ಅಲ್ಲಿ ಹಾಡಹಗಲೇ ಬೀದಿಬೀದಿಯಲ್ಲಿ ಹುಡುಗರು ಪಿಟೀಲು ಹಿಡಿದು ನಿಂತಿರುತ್ತಾರೆ. ಆದರೆ ರೂಮು ತಿಂಗಳುಗಟ್ಟಲೆ ಮೊದಲೇ ಹಿಡಿಯಬೇಕು.

ಇನ್ನೊಂದು ಅಡಚಣೆಯನ್ನು ಯಾರೂ ಫಾರಂನಲ್ಲಿ ಬರೆಯುವುದಿಲ್ಲ, ದನಿ ತಗ್ಗಿಸಿ ಕೇಳುತ್ತಾರೆ: "ಅತ್ತೆಯವರನ್ನ ಪಬ್ಬಿಗೆ ಹೇಗೆ ಕರ್ಕೊಂಡು ಹೋಗ್ಲಿ ಮೇಡಂ?" ಧಾರಾಳವಾಗಿ ಹೋಗಿ ಅನ್ನುತ್ತೇನೆ. ಹಳ್ಳಿಯ ಪಬ್‌ನಲ್ಲಿ ಹಗಲು ಹೊತ್ತು ಅಜ್ಜಿ ಮೊಮ್ಮಕ್ಕಳೆಲ್ಲ ಕೂತು ಉಣ್ಣುತ್ತಾರೆ, ಟೀ ಕೇಳಿದರೆ ಟೀ ಕೊಡುತ್ತಾರೆ. ತಿಳಿಸಿಕೊಡಬೇಕಾದದ್ದು ಕೂರುವ ರೀತಿಯನ್ನು. ಅಲ್ಲಿ ವೇದಿಕೆ ಇಲ್ಲ, ಮೈಕೂ ಇಲ್ಲದಿರುವುದೇ ಹೆಚ್ಚು. ವಾದಕರು ಮೇಜಿನ ಸುತ್ತ ಒಬ್ಬರಿಗೊಬ್ಬರು ಮುಖಮಾಡಿ ಕೂರುತ್ತಾರೆ, ಕೇಳುವವರಿಗೆ ಬೆನ್ನೇ ಕಂಡರೂ ಬೇಸರಪಡಬಾರದು. ಆ ಮೇಜಿನ ಬಳಿ ಕುರ್ಚಿ ಖಾಲಿ ಇದೆಯೆಂದು ಹೋಗಿ ಕೂತುಬಿಡಬೇಡಿ, ಅದು ಬರಲಿರುವ ಇನ್ನೊಬ್ಬ ವಾದಕರಿಗೆ. ಒಂದು ಮಟ್ಟನ್ನು ಎರಡು ಮೂರು ಸಲ ನುಡಿಸಿ, ನಿಲ್ಲಿಸದೆ ಮುಂದಿನದಕ್ಕೆ ಜಾರುತ್ತಾರೆ. ಯಾರಾದರೂ ವಾದ್ಯವಿಲ್ಲದೆ ಹಾಡಲು ಶುರುಮಾಡಿದರೆ ಇಡೀ ಕೋಣೆ ಮಾತು ನಿಲ್ಲಿಸುತ್ತದೆ, ಆಗ ನೀವೂ ಫೋನ್ ಒಳಗಿಡಿ.

ಇದೆಲ್ಲ ಡಬ್ಲಿನ್‌ನಿಂದ ಬೆಳಿಗ್ಗೆ ಏಳಕ್ಕೆ ಹೊರಟು ಕತ್ತಲೆಗೆ ವಾಪಸಾಗುವ ಕೋಚ್‌ನಲ್ಲಿ ದಕ್ಕುವುದಿಲ್ಲ. ಆ ಕೋಚ್‌ಗಳು ಮೊಹರ್ ತಲುಪುವುದು ಜನಜಾತ್ರೆಯ ಹೊತ್ತಿಗೇ. ಪಕ್ಕದ ಡೂಲಿನ್ ಹಳ್ಳಿಯಲ್ಲಿ ಒಂದೆರಡು ರಾತ್ರಿ ಉಳಿದುಕೊಳ್ಳಿ ಅನ್ನುವುದು ನನ್ನ ಹಟ. ಜೂನ್‌ನಲ್ಲಿ ಆ ಕಡೆ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಬಸ್ಸುಗಳು ಹೋದ ಮೇಲೆ 214 ಮೀಟರ್ ಎತ್ತರದ ಆ ಕಡಿದಾದ ಬಂಡೆಗಳನ್ನು ನಿಧಾನವಾಗಿ ನೋಡಿ, ನಡೆದೇ ಪಬ್ಬಿಗೆ ಹೋಗುವಷ್ಟು ಹತ್ತಿರದಲ್ಲಿ ರೂಮು ಇದ್ದರೆ ಸಾಕು.

ತಿಂಡಿಯ ಬಗ್ಗೆ ಒಂದೇ ಎಚ್ಚರಿಕೆ: ಅಲ್ಲಿಯ ಬೆಳಗಿನ ತಟ್ಟೆಯಲ್ಲಿ ಬರುವ ಬ್ಲ್ಯಾಕ್ ಪುಡ್ಡಿಂಗ್ ಸಿಹಿಯಲ್ಲ, ಹಂದಿಯ ರಕ್ತ ಹಾಕಿ ಮಾಡಿದ್ದು. ಸೋಡಾ ಬ್ರೆಡ್ ನಿಶ್ಚಿಂತೆಯಿಂದ ತಿನ್ನಿ.

ನಿವೃತ್ತ ಕನ್ನಡ ಮೇಷ್ಟ್ರುಗಳು ಬಂದರೆ ನನಗೆ ಖುಷಿ. ಇಂಗ್ಲಿಷ್ ಕವಿತೆ ಹಿಡಿದು ಹೋದ ಕುವೆಂಪು ಅವರಿಗೆ ಕನ್ನಡದಲ್ಲಿ ಬರೆಯಿರಿ ಎಂದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಬೆಲ್‌ಫಾಸ್ಟ್‌ನವರು ಎಂದು ಅವರೇ ನನಗೆ ಹೇಳುತ್ತಾರೆ! ಅಂಥವರಿಗೆ ಪಶ್ಚಿಮದ ಕಾನಮಾರಾ ಪ್ರದೇಶದಲ್ಲಿ ಐರಿಷ್ ನುಡಿ ಇನ್ನೂ ಮನೆಮಾತಾಗಿರುವ ಊರುಗಳನ್ನು ಸೇರಿಸುತ್ತೇನೆ. ಅಲ್ಲಿ ಊರಿನ ಬೋರ್ಡುಗಳು ಐರಿಷ್‌ನಲ್ಲಷ್ಟೇ ಇರುತ್ತವೆ, ಹಾಗಾಗಿ ಡ್ರೈವ್ ಮಾಡುವವರ ಕೈಗೆ ಎರಡೂ ಹೆಸರು ಬರೆದ ಹಾಳೆ ಕೊಡುತ್ತೇನೆ.

ಆಟದ ಹುಚ್ಚಿದ್ದವರಿಗೆ ಹರ್ಲಿಂಗ್, ಕೋಲು-ಚೆಂಡಿನ ಐರಿಷ್ ಆಟ. ಡಬ್ಲಿನ್‌ನ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ 82,000ಕ್ಕೂ ಹೆಚ್ಚು ಜನ ಹಿಡಿಯುತ್ತಾರೆ, ಫೈನಲ್ ಟಿಕೆಟ್ ಸಿಗುವುದು ಕನಸಿನ ಮಾತು. ಊರಿನ ಕ್ಲಬ್ ಪಂದ್ಯ ನೋಡಿ ಅನ್ನುತ್ತೇನೆ. ಆಡುವವರಿಗೆ ಸಂಬಳವಿಲ್ಲ, ಇವತ್ತು ಮೈದಾನದಲ್ಲಿದ್ದವರು ನಾಳೆ ಶಾಲೆಯಲ್ಲೋ ಹೊಲದಲ್ಲೋ ಇರುತ್ತಾರೆ.

ಇಷ್ಟಕ್ಕೆಲ್ಲ ರಾತ್ರಿಗಳನ್ನು ಎಲ್ಲಿಂದ ತರಲಿ? ಸಾಮಾನ್ಯವಾಗಿ ನಾನು ಕತ್ತರಿ ಹಾಕುವುದು ಜೈಂಟ್ಸ್ ಕಾಸ್‌ವೇಗೆ. ಅದು ಉತ್ತರ ಐರ್ಲೆಂಡಿನಲ್ಲಿದೆ, ಅಂದರೆ ಬ್ರಿಟನ್ನಿಗೆ ಸೇರಿದ್ದು. ಗಡಿಯಲ್ಲಿ ಗೇಟಿಲ್ಲ ಅಂದಮಾತ್ರಕ್ಕೆ ವೀಸಾ ಬೇಡವೆಂದಲ್ಲ. ಷೆಂಗೆನ್ ವೀಸಾ ಎರಡೂ ಕಡೆ ನಡೆಯುವುದಿಲ್ಲ. ವೀಸಾದ ಮೇಲೆ 'ಬಿಐವಿಎಸ್' (ಬ್ರಿಟಿಷ್-ಐರಿಷ್ ವೀಸಾ ಯೋಜನೆ) ಎಂದು ನಮೂದಿಸಿದ್ದರೆ ಒಂದರಲ್ಲೇ ಎರಡೂ ಕಡೆ ಹೋಗಬಹುದು, ಆದರೆ ಕೊಟ್ಟ ದೇಶಕ್ಕೇ ಮೊದಲು ಕಾಲಿಡಬೇಕು. ಕಾಸ್‌ವೇ ಬೇಕೇ ಬೇಕು ಅನ್ನುವವರು ವಿಮಾನದ ಟಿಕೆಟ್ ಮಾಡಿಸುವ ಮುಂಚೆ ಇದನ್ನೊಂದು ನೋಡಿಕೊಳ್ಳಿ.